ಮುಳುಗಿದ ಮನೆಗಳ ಬಾಗಿಲು, ಕಿಟಕಿ

ಕೃಷ್ಣೆಯ ಮುಳುಗಡೆಯ ಚರಿತ್ರೆಯನ್ನು ನಾವು ಮೀಟರುಗಳಲ್ಲಿ ಬರೆದುಕೊಂಡಿದ್ದೇವೆ. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. 1982ರಲ್ಲಿ ನಾರಾಯಣಪುರದ ಬಸವಸಾಗರ ಅಣೆಕಟ್ಟು ಮುಗಿದು, ಅದರ ಹಿನ್ನೀರು ಕೃಷ್ಣಾ-ಮಲಪ್ರಭೆಯರು ಕೂಡುವ ಕೂಡಲಸಂಗಮದ ತನಕ ಚಾಚಿಕೊಂಡಿತು. 2000ದಲ್ಲಿ ಸುಪ್ರೀಂ ಕೋರ್ಟು ಆಲಮಟ್ಟಿಯಲ್ಲಿ 519.60 ಮೀಟರಿನವರೆಗೆ ನೀರು ನಿಲ್ಲಿಸಲು ಒಪ್ಪಿತು; 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ ಅದನ್ನು 524.256ಕ್ಕೆ ಏರಿಸಬಹುದೆಂದಿತು. ಇವೆಲ್ಲ ಎತ್ತರದ ಲೆಕ್ಕ, ನೀರಿನ ಕಡೆಯಿಂದ ನೋಡಿದ ಚರಿತ್ರೆ. ಊರು ಬಿಟ್ಟವರ ಕಡೆಯಿಂದ ನೋಡಿದರೆ ಇನ್ನೊಂದು ಚರಿತ್ರೆಯಿದೆ, ಅದು ಎತ್ತಿನ ಗಾಡಿ, ಟ್ರ್ಯಾಕ್ಟರುಗಳ ಮೇಲೆ ಸಾಗಿತು. ಬಾಗಲಕೋಟೆಯ ಹಳೆಯ ಓಣಿಗಳಿಂದ ನವನಗರಕ್ಕೆ, ಹುನಗುಂದ-ಬೀಳಗಿ ಸೀಮೆಯ ಹೊಳೆದಂಡೆಯ ಹಳ್ಳಿಗಳಿಂದ ಎತ್ತರದ ಪುನರ್ವಸತಿ ಕೇಂದ್ರಗಳಿಗೆ ಜನ ಹೊತ್ತೊಯ್ದದ್ದು ಪಾತ್ರೆ-ಪಡಗ, ಕಾಳು-ಕಡಿ ಮಾತ್ರವಲ್ಲ. ತಲೆಬಾಗಿಲಿನ ಚೌಕಟ್ಟು, ಕಿಟಕಿ, ಕಂಬ, ಬೋದಿಗೆ, ತೊಲೆ, ಜಂತಿಗಳನ್ನೂ ಒಯ್ದರು. ಇದನ್ನು ಮುಳುಗಡೆಯ ಕರುಣಕತೆಯ ಒಂದು ಉಪಕತೆಯಂತೆ, ತವರು ಬಿಡಲಾರದ ಮನಸ್ಸಿನ ಕುರುಹಿನಂತೆ ಹೇಳುವವರೇ ಹೆಚ್ಚು. ಆ ಸಂಕಟ ಸುಳ್ಳಲ್ಲ. ಆದರೆ ಚೌಕಟ್ಟು ಬಿಚ್ಚಿಕೊಂಡು ಹೋದದ್ದು ಸಂಕಟದಲ್ಲಿ ಹುಟ್ಟಿದ ಹೊಸ ನಡೆಯಲ್ಲ. ಈ ನೆಲದಲ್ಲಿ ಮನೆ ಕಟ್ಟುವ ಪದ್ಧತಿಯೇ ಅದು. ಅಣೆಕಟ್ಟು ಅದನ್ನು ಒಂದೇ ಸಲಕ್ಕೆ ಸಾವಿರಾರು ಮನೆಗಳಲ್ಲಿ ಕಣ್ಣಿಗೆ ಬೀಳುವಂತೆ ಮಾಡಿತು, ಅಷ್ಟೇ.

ಹಳೆಯ ಮಾಳಿಗೆ ಮನೆ ಹೇಗೆ ನಿಂತಿರುತ್ತದೆ ಎಂಬುದನ್ನು ನೋಡಿದರೆ ಇದು ತಿಳಿಯುತ್ತದೆ. ಗೋಡೆ ಕಲ್ಲು-ಮಣ್ಣಿನದು, ಎರಡು ಅಡಿಗೆ ಕಡಿಮೆಯಿಲ್ಲದ ದಪ್ಪ. ಮೇಲೆ ಹೆಂಚಿಲ್ಲ. ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಸಾಲಾಗಿ ಜಂತಿ, ಜಂತಿಗಳ ಮೇಲೆ ಹಲಗೆ ಅಥವಾ ಸಣ್ಣ ಕಟ್ಟಿಗೆ, ಅದರ ಮೇಲೆ ಮೇಲ್ಮುದ್ದಿಯ ಮಣ್ಣು. ಮಳೆಗಾಲಕ್ಕೆ ಮೊದಲು ಸವಳು ಮಣ್ಣು ಹರವಿ ಮಾಳಿಗೆಯನ್ನು ಗಟ್ಟಿ ಮಾಡಿಕೊಳ್ಳಬೇಕು. ಒಂದೆರಡು ವರ್ಷ ಅಲಕ್ಷ್ಯ ಮಾಡಿದರೆ ಮನೆ ಸೋರುತ್ತದೆ, ಆಮೇಲೆ ಗೋಡೆ ಬಾಯಿ ಬಿಡುತ್ತದೆ. ಅಂದರೆ ಗೋಡೆ, ಮಾಳಿಗೆ ಎರಡೂ ಬಂದ ನೆಲಕ್ಕೇ ಮರಳುವ ವಸ್ತುಗಳು. ಕಟ್ಟುವವನಿಗೂ ಅದು ಗೊತ್ತು. ಬಾಳುವುದು ಮರ. ಮರವೋ, ಈ ಬಯಲಿನದಲ್ಲ. ಇಲ್ಲಿ ಕೈಗೆ ಸಿಗುವುದು ಜಾಲಿ, ಬೇವು; ಸಾಗವಾನಿ, ಮತ್ತಿ, ಹೊನ್ನೆ ಬೇಕೆಂದರೆ ಪಡುವಣ ಘಟ್ಟದ ಕಡೆಯ ಕಾಡಿನಿಂದ ದಿನಗಟ್ಟಲೆ ಗಾಡಿ ಹೊಡೆದು ತರಬೇಕಿತ್ತು. ಕಲ್ಲಿಗೆ ಬರವಿಲ್ಲದ, ಮಣ್ಣಿಗೆ ಬರವಿಲ್ಲದ, ಮರಕ್ಕೆ ಮಾತ್ರ ಬರವಿರುವ ಸೀಮೆಯಲ್ಲಿ ಸಾಗವಾನಿಯ ತೊಲೆಯೊಂದು ಬಂಗಾರದಂತೆ ಮನೆತನದ ಆಸ್ತಿ. ಅಣ್ಣತಮ್ಮಂದಿರು ಬೇರೆಯಾದಾಗ ಹೊಲದಂತೆ, ದನದಂತೆ ತೊಲೆ-ಕಂಬಗಳನ್ನೂ ಪಾಲು ಮಾಡಿಕೊಳ್ಳುವುದು ಇದರಿಂದಲೇ ಬಂದ ವಾಡಿಕೆ. ಪಾಲಿಗೆ ಬಂದ ಮರ ಹೊಸ ಗೋಡೆಯನ್ನು ಸೇರುತ್ತದೆ, ಹಳೆಯ ಗೋಡೆ ತಿಪ್ಪೆಯ ಮಣ್ಣಾಗಿ ಹೊಲಕ್ಕೆ ಹೋಗುತ್ತದೆ. ಮನೆ ನೂರು ವರ್ಷದ್ದು ಎಂದಾಗ ಅದರಲ್ಲಿ ಯಾವುದಕ್ಕೆ ನೂರು ವರ್ಷ ಎಂದು ಕೇಳಬೇಕು. ಬಹಳ ಕಡೆ ಗೋಡೆಗೆ ಮೂವತ್ತು ವರ್ಷ, ಕಂಬಕ್ಕೆ ಇನ್ನೂರು.

ಬಡಿಗ್ಯಾರರ ಕೆಲಸವೂ ಇದಕ್ಕೆ ಹೊಂದಿಕೊಂಡೇ ಬೆಳೆದಿದೆ. ಹಳೆಯ ಚೌಕಟ್ಟನ್ನು ಹತ್ತಿರದಿಂದ ನೋಡಿ. ನಿಂತ ಕಂಬದ ತುದಿಯನ್ನು ನಾಲಿಗೆಯಂತೆ ಕೆತ್ತಿ ಮೇಲಿನ ಅಡ್ಡಪಟ್ಟಿಯ ತೂತಿನೊಳಗೆ ಕೂರಿಸಿ, ಅಡ್ಡಲಾಗಿ ಒಂದು ಮರದ ಬೆಣೆ ಹೊಡೆದಿರುತ್ತಾರೆ. ಕಬ್ಬಿಣದ ಮೊಳೆಯ ಕೆಲಸ ಕಡಿಮೆ. ಬಾಗಿಲಿಗೆ ಈಗಿನ ಬಿಜಾಗರಿಯಿಲ್ಲ; ಕದದ ಒಂದು ಅಂಚನ್ನೇ ಮೇಲೆ-ಕೆಳಗೆ ಗುಬುಟಾಗಿ ಉಳಿಸಿ, ಮೇಲಿನ ಪಟ್ಟಿಯ ತೂತಿನಲ್ಲೂ ಹೊಸ್ತಿಲ ಗುಣಿಯಲ್ಲೂ ತಿರುಗುವಂತೆ ಮಾಡಿರುತ್ತದೆ. ಅಡ್ಡಪಟ್ಟಿಯ ಎರಡು ತುದಿಗಳು ಚೌಕಟ್ಟಿನ ಅಗಲಕ್ಕಿಂತ ಉದ್ದವಾಗಿ ಗೋಡೆಯೊಳಗೆ ಗೇಣಷ್ಟು ಹೂತಿರುತ್ತವೆ. ಗೋಡೆಯ ಭಾರವೇ ಅದನ್ನು ಹಿಡಿದಿಡುತ್ತದೆ. ಆದ್ದರಿಂದ ಮೇಲ್ಮುದ್ದಿಯ ಮಣ್ಣು ತೆಗೆದು, ಗೋಡೆಯನ್ನು ಪಟ್ಟಿಯ ಮಟ್ಟಕ್ಕೆ ಇಳಿಸಿ, ಬೆಣೆ ತಟ್ಟಿದರೆ ಇಡೀ ಚೌಕಟ್ಟು ಒಂದು ಏಟೂ ತಿನ್ನದೆ ಬಿಚ್ಚಿಕೊಂಡು ಬರುತ್ತದೆ. ಹೀಗೆ ಬಿಚ್ಚಲು ಬರುವಂತೆ ಕಟ್ಟಿದ್ದು ಆಕಸ್ಮಿಕವಲ್ಲ. ಎಲ್ಲಕ್ಕಿಂತ ಮೊದಲು ಕೆಡುವುದು ಚೌಕಟ್ಟಿನ ಕಾಲು: ನೆಲದ ತೇವ ಹಿಡಿದು, ಗೆದ್ದಲು ಹತ್ತಿ. ಜಾಗ ಬದಲಿಸುವಾಗ ಬಡಿಗ ಕೆಟ್ಟ ಕಾಲನ್ನು ನಾಲ್ಕು ಬೆರಳು ಕೊಯ್ದು, ಅಡಿಗೆ ಕಲ್ಲಿನ ಹೊಸ್ತಿಲು ಕೊಟ್ಟು ನಿಲ್ಲಿಸುತ್ತಾನೆ. ಹಳೆಯ ಬಾಗಿಲುಗಳು ಅಷ್ಟು ಗಿಡ್ಡಾಗಿರುವುದಕ್ಕೆ ಮನೆ ಹೊಗುವವನು ತಲೆ ಬಾಗಲಿ ಎಂಬ ಕಾರಣವನ್ನು ನಾವು ಭಕ್ತಿಯಿಂದ ಹೇಳುತ್ತೇವೆ. ಅದರಲ್ಲಿ ಗೆದ್ದಲಿನ ಪಾಲೂ ಕೆಲಮಟ್ಟಿಗೆ ಇದ್ದೀತು!

ಇದೆಲ್ಲ ಬಡವರ, ಒಕ್ಕಲಿಗರ ಮನೆಗಳ ಮಾತು, ದೊಡ್ಡ ಕಟ್ಟಡಗಳಿಗೆ ಅನ್ವಯಿಸದು ಎನ್ನುವಂತಿಲ್ಲ. ಕೂಡಲಸಂಗಮದಿಂದ ಮಲಪ್ರಭೆಯ ಜಾಡು ಹಿಡಿದು ಮೇಲಕ್ಕೆ ಹೋದರೆ ಐಹೊಳೆ ಸಿಗುತ್ತದೆ. ಅಲ್ಲಿನ ಗುಡಿಗಳ ಹೆಸರು ಕೇಳಿ: ಲಾಡಖಾನ ಗುಡಿ, ಗೌಡರ ಗುಡಿ, ಅಂಬಿಗೇರ ಗುಡಿ. ದೇವರ ಹೆಸರಲ್ಲ, ಬಳಸಿದವರ, ನೆರೆಯವರ ಹೆಸರು. ಲಾಡಖಾನ ಎಂಬಾತ ಒಂದು ಕಾಲಕ್ಕೆ ಆ ಗುಡಿಯನ್ನೇ ಮನೆ ಮಾಡಿಕೊಂಡಿದ್ದ; ಬಾದಾಮಿ ಚಾಲುಕ್ಯರ ಕಾಲದ ಕಲ್ಲಿನ ಜಾಲಂಧ್ರಗಳಿಂದ ಅವನ ಪಡಸಾಲೆಗೆ ಬೆಳಕು ಬರುತ್ತಿತ್ತು. ದುರ್ಗದ ಗುಡಿಗೆ ಆ ಹೆಸರು ಬಂದದ್ದು ದುರ್ಗೆಯಿಂದಲ್ಲ, ಅದರ ನೆತ್ತಿಯ ಮೇಲೆ ಕೋಟೆಯ ಕಾವಲು ಕಟ್ಟೆ ಎದ್ದಿದ್ದರಿಂದ. ಉತ್ತರಕ್ಕೆ ವಿಜಯಪುರದಲ್ಲಿ 1320ರ ಕರೀಮುದ್ದೀನ್ ಮಸೀದಿ ನಿಂತಿರುವುದೇ ಹಳೆಯ ಗುಡಿಗಳ ಕಂಬಗಳ ಮೇಲೆ. ದಕ್ಷಿಣಕ್ಕೆ ಹಂಪಿಯ ಅರಮನೆಯ ಆವರಣದಲ್ಲಿ 1980ರ ದಶಕದ ಉತ್ಖನನದಲ್ಲಿ ಹೊರಬಿದ್ದ ಮೆಟ್ಟಿಲು ಪುಷ್ಕರಣಿಯಂತೂ ಈ ವಾದಕ್ಕೆ ಕೈಯಾರೆ ಬರೆದುಕೊಟ್ಟ ಸಾಕ್ಷಿ. ಸುತ್ತಲಿನ ಕಟ್ಟಡಗಳು ಅಲ್ಲಿನ ಬಂಡೆಯವು, ಪುಷ್ಕರಣಿ ಮಾತ್ರ ನುಣುಪಾದ ಕಪ್ಪುಕಲ್ಲಿನದು. ಅದರ ಕಲ್ಲು ಕಲ್ಲಿನ ಮೇಲೂ ಯಾವ ದಿಕ್ಕು, ಎಷ್ಟನೆಯ ಸಾಲು ಎಂದು ಕನ್ನಡ ಅಕ್ಷರಗಳಲ್ಲಿ ಗುರುತು ಹಾಕಿದೆ. ಚಾಲುಕ್ಯರ ಕಾಲದ ಪುಷ್ಕರಣಿಯೊಂದನ್ನು ಬೇರೆಡೆಯಿಂದ ಬಿಚ್ಚಿ ತಂದು ವಿಜಯನಗರದವರು ಇಲ್ಲಿ ಜೋಡಿಸಿದ್ದಾರೆಂದು ಕೆಲವು ವಿದ್ವಾಂಸರು ವಾದಿಸುತ್ತಾರೆ. ಕಲ್ಲನ್ನು ಬೇರೆಡೆ ಕೆತ್ತಿ ಇಲ್ಲಿಗೆ ಸಾಗಿಸಿದ್ದಷ್ಟೇ ಎಂದು ಇಟ್ಟುಕೊಂಡರೂ ನನ್ನ ಮಾತಿಗೆ ಭಂಗವಿಲ್ಲ: ಬಿಡಿಭಾಗಗಳಿಗೆ ಗುರುತು ಹಾಕಿ, ಸಾಗಿಸಿ, ಮತ್ತೆ ಕೂಡಿಸುವ ವಿದ್ಯೆ ನಮ್ಮ ಕಲ್ಲುಕುಟಿಗರಿಗೂ ಹೊಸದಲ್ಲ. ಮುಳುಗಡೆಯ ಮನೆಯ ಜಂತಿಗಳಿಗೆ ಸುಣ್ಣದಲ್ಲೋ ಇದ್ದಿಲಲ್ಲೋ ಅಂಕಿ ಬರೆದು ಗಾಡಿಗೇರಿಸುವವನ ಕೆಲಸವೂ ಅದೇ ಜಾತಿಯದು.

ಹೊಳೆಯ ಮೇಲಿನ ಬದುಕಿನಲ್ಲೂ ಇದೇ ಲೆಕ್ಕ ನಡೆಯುತ್ತಿತ್ತು. ಸೇತುವೆಗಳು ಬರುವ ಮೊದಲು ಕೃಷ್ಣಾ, ತುಂಗಭದ್ರೆಗಳನ್ನು ದಾಟಿಸುತ್ತಿದ್ದ ಹರಿಗೋಲು ಬಿದಿರಿನ ದೊಡ್ಡ ಬುಟ್ಟಿ, ಹೊರಗೆ ತೊಗಲಿನ ಹೊದಿಕೆ. ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ ಡೊಮಿಂಗೊ ಪಾಯಸ್ ಆನೆಗೊಂದಿಯ ಕಡವಿನಲ್ಲಿ ಇಂಥವನ್ನು ಕಂಡು, ಹದಿನೈದಿಪ್ಪತ್ತು ಜನ, ಬೇಕಾದರೆ ಕುದುರೆ-ಎತ್ತುಗಳೂ ಅದರಲ್ಲಿ ದಾಟುವುದನ್ನು ಬರೆದಿಟ್ಟಿದ್ದಾನೆ. ತೊಗಲು ಹರಿದರೆ ಹೊಸ ತೊಗಲು. ಬಿದಿರು ಗಟ್ಟಿಯಿರುವ ತನಕ ಅದೇ ಹರಿಗೋಲು. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ತಾಡಪತ್ರಿ, ಡಾಂಬರು ಬಂದಿವೆ. ಅದರಿಂದ ಹರಿಗೋಲಿನ ಪರಂಪರೆ ಹಾಳಾಯಿತೆಂದು ಯಾವ ಅಂಬಿಗನೂ ಗೋಳಾಡಿಲ್ಲ.

ಇನ್ನು ಆಕ್ಷೇಪಗಳು. ಮೊದಲನೆಯದು, ಇದಕ್ಕೆ ಪದ್ಧತಿ ಎಂದು ದೊಡ್ಡ ಹೆಸರು ಕೊಡುವುದೇಕೆ, ಇದು ಬರೀ ಬಡತನ ಎಂಬುದು. ಪರಿಹಾರದ ಹಣ ಸಾಲಲಿಲ್ಲ, ಮಾರುಕಟ್ಟೆಯ ಸಾಗವಾನಿ ಕೈಗೆಟುಕಲಿಲ್ಲ, ಆದ್ದರಿಂದ ಹಳೆಯದನ್ನೇ ಹೊತ್ತರು. ಕೈ ತುಂಬ ದುಡ್ಡಿದ್ದರೆ ಯಾರು ಹೊರುತ್ತಿದ್ದರು? ಈ ಮಾತಿನಲ್ಲಿ ಹುರುಳಿದೆ, ಪರಿಹಾರದ ಜಗಳಗಳು ಕೋರ್ಟುಗಳಲ್ಲಿ ಎಷ್ಟು ವರ್ಷ ಎಳೆದವೆಂಬುದನ್ನು ಬಲ್ಲವರು ಅದನ್ನು ತಳ್ಳಿಹಾಕಲಾರರು. ಆದರೆ ಬಡತನ ಒಂದೇ ಕಾರಣವಾಗಿದ್ದರೆ ಹೆಚ್ಚು ಬೆಲೆಯ ಮರವನ್ನು ಮಾರಿ, ಕಡಿಮೆ ಬೆಲೆಯದನ್ನು ಕೂರಿಸುವುದೇ ಜಾಣತನ. ಮರಮಟ್ಟಿನ ವ್ಯಾಪಾರಿಗಳು ಕೊಳ್ಳಲು ಬಾಗಿಲಲ್ಲೇ ನಿಂತಿದ್ದರು, ಮಾರಿದವರೂ ಬಹಳ. ಮಾರದೆ ಉಳಿಸಿಕೊಂಡವರಲ್ಲಿ ಬಾಗಲಕೋಟೆಯ ಅನುಕೂಲಸ್ಥ ವ್ಯಾಪಾರಿ ಮನೆತನಗಳೂ ಇದ್ದವು. ಮೇಲಾಗಿ ಅವರು ಉಳಿಸಿಕೊಂಡದ್ದರಲ್ಲಿ ಒಂದು ಆಯ್ಕೆ ಕಾಣುತ್ತದೆ. ಜಂತಿ ಹೋದರೆ ಹೋಗಲಿ, ಆರ್‌ಸಿಸಿ ಮಾಳಿಗೆಗೆ ಜಂತಿ ಬೇಡ. ತಲೆಬಾಗಿಲು ಮಾತ್ರ ಇರಲಿ. ಹೊಸ್ತಿಲ ಪೂಜೆ ನಡೆದ, ಮದುವೆಗಳಿಗೆ ತೋರಣ ಕಟ್ಟಿ ಕಟ್ಟಿ ಮೊಳೆತೂತುಗಳಿಂದ ಜರಡಿಯಾದ, ನೀಲಿಯ ಮೇಲೆ ಹಸಿರು, ಹಸಿರಿನ ಮೇಲೆ ಕಂದು ಬಣ್ಣ ಬಳಿಸಿಕೊಂಡ ಆ ಚೌಕಟ್ಟನ್ನು ಅಷ್ಟು ಸುಲಭಕ್ಕೆ ವ್ಯಾಪಾರಿಗೆ ಕೊಡಲಿಲ್ಲ. ಅಭಾವ ಕಲಿಸಿದ್ದು ಕಾಲಾಂತರದಲ್ಲಿ ರೂಢಿಯಾಗುತ್ತದೆ, ರೂಢಿ ಅಭಾವ ತೀರಿದ ಮೇಲೂ ಉಳಿಯುತ್ತದೆ. ಎಲ್ಲ ಪದ್ಧತಿಗಳೂ ಹುಟ್ಟುವುದು ಹೀಗೆಯೇ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು, ಪುರಾತತ್ವ ಬಲ್ಲವರದು. ವಸ್ತುವನ್ನು ಅದರ ಜಾಗದಿಂದ ಕಿತ್ತರೆ ಅರ್ಧ ಅರ್ಥ ಅಲ್ಲಿಯೇ ಉಳಿದುಹೋಗುತ್ತದೆ. ಇದಕ್ಕೆ ಉದಾಹರಣೆ ದೂರ ಹುಡುಕಬೇಕಿಲ್ಲ: ಐಹೊಳೆಯ ಹುಚ್ಚಪ್ಪಯ್ಯನ ಗುಡಿಯ ಮಾಡಿನಲ್ಲಿದ್ದ ಬ್ರಹ್ಮನ ಕೆತ್ತನೆಯ ಫಲಕ ಈಗ ಮುಂಬಯಿಯ ವಸ್ತುಸಂಗ್ರಹಾಲಯದ ಗೋಡೆಯಲ್ಲಿದೆ. ಕತ್ತೆತ್ತಿ ನೋಡಲೆಂದು ಕೆತ್ತಿದ್ದನ್ನು ಈಗ ಎದುರು ನಿಂತು ನೋಡುತ್ತೇವೆ. ಗುಡಿಯಲ್ಲಿ ಅದು ಇದ್ದ ಜಾಗ ಖಾಲಿ. ಈ ನಷ್ಟವನ್ನು ಒಪ್ಪುತ್ತೇನೆ. ಆದರೆ ಎಲ್ಲವೂ ಇದ್ದಲ್ಲೇ ಇರಬೇಕೆಂಬ ನಿಯಮವನ್ನು ಈ ಸೀಮೆ ಎಂದೂ ಏಕಪ್ರಕಾರವಾಗಿ ಪಾಲಿಸಿಲ್ಲ, ಎಲ್ಲವನ್ನೂ ಎತ್ತಿಕೊಂಡು ಹೋಗಬಹುದೆಂದೂ ತಿಳಿದಿಲ್ಲ. ಎರಡು ಸಂಗಮಗಳ ಕತೆ ಅದಕ್ಕೆ ಸಾಕ್ಷಿ. ಕೃಷ್ಣಾ-ತುಂಗಭದ್ರೆಯರು ಕೂಡುವ ಕೂಡವೆಲ್ಲಿಯಲ್ಲಿ ಬಾದಾಮಿ ಚಾಲುಕ್ಯರ ಕಾಲದ ಸಂಗಮೇಶ್ವರ ಗುಡಿಯಿತ್ತು. ಶ್ರೀಶೈಲದ ಅಣೆಕಟ್ಟಿನ ನೀರು ಬರುವುದೆಂದಾದಾಗ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ಆಲಂಪುರದಲ್ಲಿ ಮತ್ತೆ ಕಟ್ಟಿದರು. ನಮ್ಮ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳಕ್ಕೆ ನಾರಾಯಣಪುರದ ಹಿನ್ನೀರು ಬಂದಾಗ ಹಾಗೆ ಮಾಡಲಿಲ್ಲ. ಸುತ್ತಲೂ ಬಾವಿಯಂಥ ಕಾಂಕ್ರೀಟ್ ಗೋಡೆ ಎಬ್ಬಿಸಿದರು, ದಂಡೆಯಿಂದ ಸೇತುವೆ ಹಾಕಿದರು; ಇಂದು ಭಕ್ತರು ನೀರಿನ ಮೇಲೆ ನಡೆದುಹೋಗಿ, ಮೆಟ್ಟಿಲಿಳಿದು, ನೀರಿನ ಮಟ್ಟಕ್ಕಿಂತ ಕೆಳಗೆ ಹಳೆಯ ಜಾಗದಲ್ಲೇ ದರ್ಶನ ಪಡೆಯುತ್ತಾರೆ. ಗುಡಿಯೆಂಬ ಕಟ್ಟಡವನ್ನು ಸ್ಥಳಾಂತರಿಸಬಹುದು, ಒಬ್ಬರು ಐಕ್ಯರಾದ ಜಾಗವನ್ನು ಸ್ಥಳಾಂತರಿಸಲಾಗದು ಎಂಬ ವಿವೇಕ ಇಲ್ಲಿದೆ. ಹಾಗಾದರೆ ಕೇಳಬೇಕಾದ ಪ್ರಶ್ನೆ ವಸ್ತು ಜಾಗ ಬಿಟ್ಟಿತೇ ಎಂಬುದಲ್ಲ, ಆ ವಸ್ತುವಿನ ಅರ್ಥ ಜಾಗದಲ್ಲಿತ್ತೋ ಕೆಲಸದಲ್ಲಿತ್ತೋ ಎಂಬುದು. ಮಾಡಿನ ಫಲಕಕ್ಕೆ ಮಾಡು ಬೇಕು. ಬಾಗಿಲಿಗೆ ಬೇಕಾದದ್ದು ಒಳಗೆ ಹೋಗಿ ಬರುವ ಜನ.

ಬಿಡಿಭಾಗಗಳ ಪ್ರಯಾಣವೆಲ್ಲ ನಿರ್ಮಲವಾದದ್ದು ಎಂದೂ ನಾನು ಹೇಳುತ್ತಿಲ್ಲ. ವಿಜಯಪುರದ ಮಸೀದಿಯ ಕಂಬಗಳು ಯುದ್ಧ ಗೆದ್ದವರ ಕಾಲದಲ್ಲಿ ಜಾಗ ಬದಲಿಸಿದವು. ಮುಳುಗಡೆಯ ಚೌಕಟ್ಟುಗಳು ಸರ್ಕಾರದ ನೋಟೀಸಿನ ಕಾಲದಲ್ಲಿ. ಎರಡರಲ್ಲೂ ಬಿಟ್ಟುಕೊಟ್ಟವರ ಒಪ್ಪಿಗೆ ಎಷ್ಟಿತ್ತೆಂದು ಕೇಳುವುದು ನ್ಯಾಯವೇ. ಆದರೆ ಒಂದು ವ್ಯತ್ಯಾಸ ಉಂಟು: ಮುಳುಗಡೆಯಲ್ಲಿ ಭಾಗಗಳನ್ನು ಹೊತ್ತವರು ಅವುಗಳ ಒಡೆಯರೇ. ಆ ಒಡೆತನ ತಪ್ಪಿದಾಗಲೇ ಮೂರನೆಯ ಆಕ್ಷೇಪ ಹುಟ್ಟುವುದು. ಉತ್ತರ ಕರ್ನಾಟಕದ ಕೆತ್ತನೆಯ ಬಾಗಿಲು-ಕಂಬಗಳು ಇಂದು ಬೆಂಗಳೂರಿನ ಹೋಟೆಲು, ತೋಟದ ಮನೆಗಳಲ್ಲಿ ಅಲಂಕಾರಕ್ಕೆ ನಿಂತಿವೆ, ಇದೂ ನಿಮ್ಮ ಪದ್ಧತಿಯೇನು ಎಂದು ಕೇಳಬಹುದು. ಇದು ನಮ್ಮೊಬ್ಬರ ಸಮಸ್ಯೆಯಲ್ಲ. ಗುಜರಾತಿನ ಅಲಂಗ್‌ನಲ್ಲಿ 1983ರಿಂದ ಹಡಗು ಒಡೆಯುತ್ತಾರೆ. ಅಲ್ಲಿ ಬಿಚ್ಚಿದ ಹಿತ್ತಾಳೆಯ ದುಂಡು ಕಿಟಕಿಗಳು ಅಂಗಡಿಗೆ ಬಂದು, ಗಾಜಿನ ಜಾಗದಲ್ಲಿ ಕನ್ನಡಿ ಕೂರಿಸಿಕೊಂಡು, ಯಾರದೋ ಬಚ್ಚಲುಮನೆಯ ಗೋಡೆ ಸೇರುತ್ತವೆ. ಇಂಗ್ಲೆಂಡಿನ ಕಾಲುವೆಗಳಲ್ಲಿ ದೋಣಿಯನ್ನೇ ಮನೆ ಮಾಡಿಕೊಂಡವರಲ್ಲಿ ಕೆಲವರು ಅಂಥದೇ ಕಿಟಕಿಯನ್ನು ಕೊಂಡು ತಮ್ಮ ದೋಣಿಯ ಚೌಕ ಕಿಟಕಿ ತೆಗೆದು ಅಲ್ಲಿ ಕೂರಿಸುತ್ತಾರೆ. ಎರಡೂ ಹಳೆಯ ವಸ್ತುವಿನ ಮರುಬಳಕೆಯೇ, ಆದರೂ ಒಂದೇ ಅಲ್ಲ. ದುಂಡು ಕಿಟಕಿಗೆ ಮೂಲೆಗಳಿಲ್ಲ. ಅಲೆಯ ಒತ್ತಡಕ್ಕೆ ತಗಡು ಬಿರಿಯುವುದು ಮೂಲೆಗಳಿಂದ. ಸಣ್ಣದಾಗಿ, ದಪ್ಪ ಗಾಜಿನೊಂದಿಗೆ, ತಿರುಪು ಬಿಗಿದು ಮುಚ್ಚುವಂತಿರುವುದಕ್ಕೆ ನೀರು ಕಾರಣ. ದೋಣಿಗೆ ಹೋದ ಕಿಟಕಿ ಆ ಕಾರಣದೊಂದಿಗೆ ಹೋಯಿತು. ಬಚ್ಚಲಿನ ಕನ್ನಡಿಯಾದದ್ದು ಕಾರಣವನ್ನು ಅಂಗಡಿಯಲ್ಲೇ ಬಿಟ್ಟು ಹೋಯಿತು.

ಮಾಳಿಗೆ ಮನೆಯ ಕಿಟಕಿಗೂ ಇದೇ ಪರೀಕ್ಷೆ ಒಡ್ಡಬಹುದು. ಅದು ಸಣ್ಣದು, ಎತ್ತರದಲ್ಲಿರುವುದು, ಒಳಗೆ ಸರಳು, ಹಲಗೆಯ ಕದ. ಬಾಗಲಕೋಟೆಯ ಬೇಸಗೆಯಲ್ಲಿ ಹಗಲಿನ ಬಿಸಿಗಾಳಿ ಒಳಗೆ ಬರಬಾರದು, ಬೆಳಕು ಬಂದರೆ ಸಾಕು. ಉಳಿದ ಬೆಳಕಿಗೆ ಮಾಳಿಗೆಯ ಬೆಳಕಿಂಡಿಯಿತ್ತು. ದಪ್ಪ ಗೋಡೆ, ಸಣ್ಣ ಕಿಟಕಿ, ಬೆಳಕಿಂಡಿ ಮೂರೂ ಒಂದೇ ಲೆಕ್ಕದ ಭಾಗಗಳು. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ಜಾಲಂಧ್ರಗಳೂ, ಒಂದರಂತೆ ಇನ್ನೊಂದಿಲ್ಲದ ಅವುಗಳ ಚೆಲುವನ್ನು ಬದಿಗಿಟ್ಟು ನೋಡಿದರೆ, ಇದೇ ಬಿಸಿಲಿಗೆ ಕೊಟ್ಟ ಉತ್ತರ. ನವನಗರದ ಒಂಬತ್ತಿಂಚಿನ ಇಟ್ಟಿಗೆ ಗೋಡೆಗೆ ಹಳೆಯ ಕಿಟಕಿಯನ್ನು ಕೂರಿಸಿದಾಗ ಚೌಕಟ್ಟು ಗೋಡೆಗಿಂತ ದಪ್ಪವಾಗಿ ಹೊರಗೆ ಇಣುಕುತ್ತದೆ. ಬೆಳಕಿಂಡಿ ಇಲ್ಲದ ಕಾಂಕ್ರೀಟ್ ಮಾಳಿಗೆಯ ಕೆಳಗೆ ಕೋಣೆ ಕತ್ತಲೆಯಾಗುತ್ತದೆ, ಬಿಸಿಯೂ ಕಡಿಮೆಯಾಗುವುದಿಲ್ಲ. ಇಲ್ಲಿ ಪದ್ಧತಿ ಸೋತಿತು ಎಂದು ನಿಷ್ಠುರವಾಗಿಯೇ ಹೇಳಬೇಕು. ಬಹಳ ಜನ ಇದನ್ನು ಬೇಗ ಕಂಡುಕೊಂಡು, ಕಿಟಕಿಗಳನ್ನು ದನದ ಕೊಟ್ಟಿಗೆಗೋ ಹಿತ್ತಲಿನ ಕಟ್ಟಿಗೆ ಕೋಣೆಗೋ ಬಳಸಿ, ವಾಸದ ಕೋಣೆಗಳಿಗೆ ದೊಡ್ಡ ಕಿಟಕಿ ಇಟ್ಟರು. ತಲೆಬಾಗಿಲು ಮಾತ್ರ ಮುಂದೆಯೇ ನಿಂತಿತು. ಗಿಡ್ಡಾಯಿತೆಂದು ಕಂಡಲ್ಲಿ ದೇವರ ಕೋಣೆಗೆ ಹೋಯಿತು. ಯಾವುದು ಇನ್ನೂ ಕೆಲಸ ಮಾಡುತ್ತದೆ, ಯಾವುದು ಮಾಡುವುದಿಲ್ಲ ಎಂದು ಮನೆಯವರೇ ತೂಗಿ ನೋಡಿದ ಫಲ ಇದು. ಅಲಂಕಾರಕ್ಕೆ ಕೊಂಡವನು ಹೀಗೆ ತೂಗುವುದಿಲ್ಲ, ಅವನಿಗೆ ಎಲ್ಲವೂ ಚೆಂದವೇ.

ಸಂಗ್ರಹಾಲಯಗಳ ದಾರಿ ಈ ಎರಡರ ನಡುವಿನದು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ನಮ್ಮ ಮುಧೋಳದ ಅರಮನೆಯ ದರ್ಬಾರ್ ಹಾಲ್ ಇದೆ, ಕುಕನೂರಿನ ಕಮಲ ಮಹಲ್ ಇದೆ; ಕೆಡವಿ ಮಾರಲಿದ್ದ ಮನೆಗಳನ್ನು ಅವರು ಬಿಚ್ಚಿಸಿ ತಂದು ಮರಳಿ ನಿಲ್ಲಿಸಿದರು. ಕರಾವಳಿಯ ಮಳೆಯಲ್ಲಿ ಬಯಲುಸೀಮೆಯ ಅರಮನೆ ಏನು ಮಾಡುತ್ತದೆ ಎಂದು ಚುಚ್ಚುವವರಿದ್ದಾರೆ. ಶೆಣೈಯವರು ತರದಿದ್ದರೆ ಆ ಮರ ಬಿಡಿಬಿಡಿಯಾಗಿ ಚದುರಿಹೋಗುತ್ತಿತ್ತು ಎಂಬುದು ಸಾಕಷ್ಟು ದೊಡ್ಡ ಉತ್ತರ. ಆದರೂ ಅಲ್ಲಿ ಉಳಿದದ್ದು ಮನೆಯ ರೂಪ, ಮನೆಯ ಪದ್ಧತಿಯಲ್ಲ. ಆ ಬಾಗಿಲುಗಳ ಕಾಲು ಕೆಟ್ಟರೆ ನಾಲ್ಕು ಬೆರಳು ಕೊಯ್ದು ಬೇರೆ ಗೋಡೆಗೆ ಒಯ್ಯುವ ಹಕ್ಕು ಇನ್ನು ಯಾರಿಗೂ ಇಲ್ಲ. ಮುಧೋಳದ ಮಟ್ಟಿಗೆ ಅದೇ ಸರಿ. ಹಳ್ಳಿಯ ಒಂದೊಂದು ಪಡಸಾಲೆಗೂ ಅದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ.

ಮುಳುಗಡೆಯ ಲೆಕ್ಕ ಇನ್ನೂ ಮುಗಿದಿಲ್ಲ. 524.256 ಮೀಟರಿಗೆ ನೀರು ನಿಲ್ಲುವುದಾದರೆ ಇನ್ನಷ್ಟು ಹಳ್ಳಿಗಳೂ ಬಾಗಲಕೋಟೆಯ ಹಳೆಯ ಊರಿನ ಮತ್ತಷ್ಟು ಭಾಗವೂ ಏಳಬೇಕು. ಭೂಸ್ವಾಧೀನದ ಅಳತೆಯಲ್ಲಿ ಮನೆಯ ಮರವನ್ನು ಬೆಲೆಯಾಗಿ ಮಾತ್ರ ನೋಡುತ್ತಾರೆ: ಗಾತ್ರ ಎಷ್ಟು, ಯಾವ ಜಾತಿ, ಸವಕಳಿ ಎಷ್ಟು. ಅದೇ ಹೊತ್ತಿನಲ್ಲಿ ಇನ್ನೆರಡು ಸಾಲು ಬರೆದುಕೊಳ್ಳಲು ಹೆಚ್ಚು ಖರ್ಚಾಗದು. ಈ ತಲೆಬಾಗಿಲು ಈ ಮನೆಗೆ ಯಾವ ಮನೆಯಿಂದ ಬಂತು, ಎಷ್ಟನೆಯ ಪಾಲಿನಲ್ಲಿ ಬಂತು ಎಂಬುದನ್ನು ಹೇಳಬಲ್ಲ ಹಿರಿಯರು ಆ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಎಲ್ಲಿಗೆ ಹೋಯಿತು ಎಂಬುದನ್ನು ಪುನರ್ವಸತಿ ಕೇಂದ್ರದ ನಿವೇಶನದ ನಂಬರಿನೊಂದಿಗೆ ಸೇರಿಸಿಕೊಂಡರೆ ಸಾಕು. ಪುಷ್ಕರಣಿಯ ಕಲ್ಲುಗಳ ಮೇಲೆ ದಿಕ್ಕು ಬರೆದವರು ಎಲ್ಲಿಂದ ತಂದರೆಂಬುದನ್ನು ಬರೆಯಲಿಲ್ಲ. ವಿದ್ವಾಂಸರು ಇವತ್ತಿಗೂ ಅದರ ಮೇಲೆ ವಾದ ಮಾಡುತ್ತಿರುವುದು ಆ ಒಂದು ಸಾಲು ಇಲ್ಲದ್ದರಿಂದ.